ಅವನ ಕೈ ನಿಧಾನವಾಗಿದೆ ಅಂತ ಒಪ್ಪಿಕೋ ಪುಟ್ಟು

ಸರಸ್ವತಿಪುರಂ,
ಮೈಸೂರು

ಚಿ. ಪುಟ್ಟುವಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಮಂಡಿ ನೋವು ಕಡಿಮೆಯಾಗಿದೆ ಅಂತ ಕೇಳಿ ಸಮಾಧಾನವಾಯಿತು. ಫೋನಿನಲ್ಲಿ ಅವಳು ಇನ್ನೊಂದು ವಿಷಯವನ್ನೂ ಹೇಳಿದಳು. ನೀನೂ ನಿನ್ನ ಬೇಸ್ ಗಿಟಾರ್ ನುಡಿಸುವ ಸ್ನೇಹಿತನೂ ಮಾತು ಬಿಟ್ಟಿದ್ದೀರಂತೆ. ತಾರಸಿ ಮೇಲಿನ ಪ್ರಾಕ್ಟೀಸೂ ನಿಂತಿದೆಯಂತೆ. ಜಗಳಕ್ಕೆ ಕಾರಣ ಡೈರ್ ಸ್ಟ್ರೇಟ್ಸ್ ಬ್ಯಾಂಡಿನ ಗಿಟಾರಿಸ್ಟ್ ಮಾರ್ಕ್ ನಾಫ್ಲರ್. ಲೈವ್‌ನಲ್ಲಿ ಅವನ ನುಡಿಸಾಣಿಕೆ ಸಪ್ಪೆಯಾಗಿದೆ, 1992ಕ್ಕೇ ನಿಲ್ಲಿಸಬೇಕಿತ್ತು ಅಂತ ನಿನ್ನ ಸ್ನೇಹಿತ ಅಂದನಂತೆ. ಏನೂ ಬದಲಾಗಿಲ್ಲ, ನಿನಗೆ ಕಿವಿಯೇ ಇಲ್ಲ ಅಂತ ನೀನು ಅಂದೆಯಂತೆ. ಉಳಿದ ಹುಡುಗರೂ ಒಬ್ಬೊಬ್ಬರು ಒಂದೊಂದು ಕಡೆ ಸೇರಿಕೊಂಡರಂತೆ.

ಅಮ್ಮನಿಗೆ ಇದು ಹುಡುಗಾಟ ಅನ್ನಿಸಿದೆ. ನನಗೆ ಹಾಗನ್ನಿಸಲಿಲ್ಲ. ಪ್ರೀತಿಯ ಕಲಾವಿದನಿಗೆ ವಯಸ್ಸಾದಾಗ ಅವನನ್ನು ಹೇಗೆ ಕೇಳಬೇಕು ಅನ್ನೋದು ಸಣ್ಣ ಮಾತಲ್ಲ. ಡೈರ್ ಸ್ಟ್ರೇಟ್ಸ್ ಕ್ಯಾಸೆಟ್‌ಗಳನ್ನು ಮೊದಲು ನಿನ್ನ ಕೈಗೆ ಕೊಟ್ಟವನೂ ನಾನೇ. ಹಾಗಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ. ಸಿಟ್ಟು ಮಾಡಿಕೊಳ್ಳದೆ ಪೂರ್ತಿ ಓದು.

ನೇರವಾಗಿ ಹೇಳಿಬಿಡುತ್ತೇನೆ. ನಿನ್ನ ಸ್ನೇಹಿತನ ಕಿವಿ ಚೆನ್ನಾಗಿಯೇ ಇದೆ. ನಾಫ್ಲರ್ ಕೈ ನಿಧಾನವಾಗಿದೆ.

ನೀವು ಸದಾ ಹಾಕಿಕೊಂಡು ಕೂರುವ ಆ 'ಆಲ್ಕೆಮಿ' ಲೈವ್ ಆಲ್ಬಂ ರೆಕಾರ್ಡ್ ಆದದ್ದು 1983ರ ಜುಲೈನಲ್ಲಿ, ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ. ಅವನಿಗೆ ಆಗ 33 ವರ್ಷ. 'ಸುಲ್ತಾನ್ಸ್ ಆಫ್ ಸ್ವಿಂಗ್' ಹಾಡು 1978ರ ಆಲ್ಬಂನಲ್ಲಿ ಆರು ನಿಮಿಷದೊಳಗೆ ಮುಗಿಯುತ್ತದೆ. ಇಲ್ಲಿ ಹತ್ತು ನಿಮಿಷ ದಾಟುತ್ತದೆ, ಲಯವೂ ಜೋರು. ಕೊನೆಗೆ ಬರುವ ಸ್ವರಗಳು ಮುಂಗಾರು ಮಳೆ ಶೀಟಿನ ಮೇಲೆ ಬಿದ್ದ ಹಾಗೆ ಬೀಳುತ್ತವೆ. ಕೈಯಲ್ಲಿ ತಂತಿ ಮೀಟುವ ಪಿಕ್ ಇಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಇಷ್ಟೇ. ಉಂಗುರದ ಬೆರಳೂ ಕಿರುಬೆರಳೂ ಗಿಟಾರಿನ ಮೈಮೇಲೆ ಊರಿಕೊಂಡಿರುತ್ತವೆ. ಅವನು ಎಡಚ, ಆದರೂ ಬಲಗೈಯವರ ಹಾಗೆ ಗಿಟಾರ್ ಹಿಡಿಯುತ್ತಾನೆ. ಅಂದರೆ ಗಟ್ಟಿ ಕೈ ಇರೋದು ತಂತಿ ಒತ್ತುವ ಕಡೆ.

ಈಗ 2019ರ ಶೋಗಳನ್ನು ಕೇಳು. ಅವನಿಗೆ 70 ತುಂಬಿದ ವರ್ಷ ಅದು. ಮೊದಲು ಓಡುತ್ತಿದ್ದ ಕಡೆ ಅವನು ಓಡುವುದಿಲ್ಲ. ನಾಲ್ಕು ಸ್ವರ ಇದ್ದ ಜಾಗದಲ್ಲಿ ಎರಡು ಹಿಡಿದು ಬಿಡುತ್ತಾನೆ. ಕೆಲವು ಕಡೆ ಜೊತೆಗಾರರೇ ಹಾಡನ್ನು ಎತ್ತಿ ಹಿಡಿದಿರುತ್ತಾರೆ. ಇದು ಕೇಳಿಸುತ್ತದೆ ಪುಟ್ಟು. ಯಾರಿಗಾದರೂ ಕೇಳಿಸುತ್ತದೆ.

ಅವನ ಮೈ ಏನೇನು ಕಂಡಿದೆ ಅಂತಲೂ ನೋಡು. 2003ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಮೋಟರ್‌ಬೈಕ್ ಅಪಘಾತವಾಗಿ ಕುತ್ತಿಗೆ ಪಕ್ಕದ ಮೂಳೆಯೂ ಪಕ್ಕೆಲುಬುಗಳೂ ಮುರಿದವು. ತಿಂಗಳುಗಟ್ಟಲೆ ಗಿಟಾರ್ ಹಿಡಿಯೋದಕ್ಕೇ ಆಗಲಿಲ್ಲ. 2010ರ ಪ್ರವಾಸದಲ್ಲಿ ಬೆನ್ನಿನ ತೊಂದರೆಯಿಂದ ಸ್ಟೂಲ್ ಮೇಲೆ ಕೂತು ನುಡಿಸಿದ. 2019ರ ಸೆಪ್ಟೆಂಬರ್ 25ಕ್ಕೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪ್ರವಾಸ ಮುಗಿಸಿದವನು ಆಮೇಲೆ ಅಂಥ ದೊಡ್ಡ ಪ್ರವಾಸಕ್ಕೆ ಹೊರಟಿಲ್ಲ. 2024ರ ಜನವರಿಯಲ್ಲಿ ತನ್ನ 120ಕ್ಕೂ ಹೆಚ್ಚು ಗಿಟಾರ್‌ಗಳನ್ನು ಹರಾಜಿಗೆ ಕೊಟ್ಟ. ತನಗೆ ವಯಸ್ಸಾಗಿದೆ ಅನ್ನೋದನ್ನು ಅವನೇ ಮುಚ್ಚಿಟ್ಟಿಲ್ಲ. ಅವನ ಪರವಾಗಿ ನೀನು ಯಾಕೆ ಮುಚ್ಚಿಡಬೇಕು?

ಇಲ್ಲ, ಏನೂ ಬದಲಾಗಿಲ್ಲ ಅಂತ ಹಟ ಹಿಡಿದರೆ ನಷ್ಟ ನಿನಗೇ. ಆಗ ನೀನು ಕೇಳುತ್ತಿರೋದು ಎದುರಿಗೆ ನುಡಿಸುತ್ತಿರುವ ಮನುಷ್ಯನನ್ನಲ್ಲ, ತಲೆಯೊಳಗಿನ 1983ರ ಟೇಪನ್ನು. ಕೈ ನಿಧಾನವಾಗಿದೆ ಅಂತ ಒಪ್ಪಿಕೊಂಡವನಿಗೆ ಮಾತ್ರ ಆ ನಿಧಾನದೊಳಗೆ ಅವನು ಏನು ಮಾಡುತ್ತಿದ್ದಾನೆ ಅನ್ನೋದು ಕೇಳಿಸುತ್ತದೆ. ನಾನು ನಿನಗೆ ಹೇಳಬೇಕಾದ ಮುಖ್ಯ ಮಾತು ಇದು.

ಆದರೆ ನಿನ್ನ ಸ್ನೇಹಿತನೂ ಒಂದು ಕಡೆ ಎಡವಿದ್ದಾನೆ. ವಯಸ್ಸಾಯಿತು, ಅದಕ್ಕೇ ಮೆತ್ತಗಾದ ಅನ್ನೋದು ಅವನ ಲೆಕ್ಕ. ವರ್ಷಗಳನ್ನು ಜೋಡಿಸಿ ನೋಡಿದರೆ ಈ ಲೆಕ್ಕ ಕೂಡುವುದಿಲ್ಲ. 'ಆಲ್ಕೆಮಿ' ರೆಕಾರ್ಡ್ ಆದ ಅದೇ 1983ರಲ್ಲಿ 'ಲೋಕಲ್ ಹೀರೋ' ಸಿನಿಮಾಕ್ಕೆ ಸಂಗೀತ ಕೊಟ್ಟವನೂ ಅವನೇ. ಅದನ್ನು ಕೇಳಿದ್ದೀಯಲ್ವಾ? ಎಷ್ಟು ಹೊತ್ತು ಗಿಟಾರ್ ಸುಮ್ಮನಿರುತ್ತದೆ, ಬಂದಾಗಲೂ ಎಷ್ಟು ಮೆಲ್ಲಗೆ ಬರುತ್ತದೆ! ಅತಿ ವೇಗವಾಗಿ ನುಡಿಸುತ್ತಿದ್ದ ಕಾಲದಲ್ಲೇ ಮೆಲ್ಲಗೆ ನುಡಿಸೋದೂ ಅವನಿಗೆ ಬೇಕಾಗಿತ್ತು. 1990ರಲ್ಲಿ ಅಮೆರಿಕದ ಗಿಟಾರಿಸ್ಟ್ ಚೆಟ್ ಆಟ್ಕಿನ್ಸ್ ಜೊತೆ ಕೂತು ಇಡೀ ಆಲ್ಬಂ ಮಾಡಿದ. ಆಟ್ಕಿನ್ಸ್ ಅವನಿಗಿಂತ 25 ವರ್ಷ ದೊಡ್ಡವರು. ಪ್ರಪಂಚದ ದೊಡ್ಡ ದೊಡ್ಡ ಸ್ಟೇಡಿಯಂಗಳನ್ನು ತುಂಬಿಸುತ್ತಿದ್ದ ಮನುಷ್ಯ, ಹೋಗಿ ಒಬ್ಬ ಹಿರಿಯರ ಪಕ್ಕ ಕುರ್ಚಿ ಹಾಕಿಕೊಂಡು ಕೂತ. 1991-92ರ ಆ ಭಾರಿ ಪ್ರವಾಸ ಮುಗಿಸಿ, 1995ಕ್ಕೆ ಬ್ಯಾಂಡನ್ನೇ ಮುಚ್ಚಿದ. ಆಮೇಲೆ ಪಿಟೀಲು, ಕೊಳಲು, ಜಾನಪದದವರ ಜೊತೆಗೇ ಅವನ ಹೆಚ್ಚಿನ ಒಡನಾಟ.

ಬ್ಯಾಂಡ್ ಮುಚ್ಚಿದಾಗ ಅವನಿಗೆ ಇನ್ನೂ 50 ಆಗಿರಲಿಲ್ಲ. ಕೈಯಲ್ಲಿ ಕಸುವು ಇದ್ದಾಗಲೇ ಅವನು ಆ ದಾರಿ ಬಿಟ್ಟ. ಕೈಲಾಗದೆ ಬಿಟ್ಟದ್ದು ಬೇರೆ, ಬೇಡ ಅಂತ ಬಿಟ್ಟದ್ದು ಬೇರೆ. ಅವನಲ್ಲಿ ಎರಡೂ ಇವೆ. ಯಾವುದು ಯಾವುದು ಅಂತ ಬೇರ್ಪಡಿಸಿ ಕೇಳೋದೇ ರಸಿಕನ ಕೆಲಸ. ನಿಮ್ಮ ಗುಂಪಿನಲ್ಲಿ ಆ ಕೆಲಸ ಯಾರೂ ಮಾಡಲಿಲ್ಲ. ಒಬ್ಬ ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಿದ, ಇನ್ನೊಬ್ಬ ವಯಸ್ಸೇ ಇಲ್ಲ ಅಂದ.

2005ರ ಮಾರ್ಚ್‌ನಲ್ಲಿ ಅವನು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದ. ಮೈಸೂರಿನಿಂದ ನಾವೊಂದಿಷ್ಟು ಜನ ಹೋಗಿದ್ದೆವು. ಅಪಘಾತವಾಗಿ ಎರಡು ವರ್ಷ ಆಗಿತ್ತು. ಆಗಲೇ ಈ ಜಗಳ ಇತ್ತು ಕಣೋ. ಪಕ್ಕದಲ್ಲಿ ನಿಂತಿದ್ದ ಒಬ್ಬರು 'ಮೊದಲಿನ ಸ್ಪೀಡ್ ಇಲ್ಲ ಗುರು' ಅಂತ ಹೇಳುತ್ತಲೇ ಇದ್ದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ 'ಬ್ರದರ್ಸ್ ಇನ್ ಆರ್ಮ್ಸ್' ಶುರುವಾದಾಗ ನಾನು ಅವನ ಕೈ ಬಿಟ್ಟು ಕಾಲು ನೋಡಿದೆ. ಅವನ ಕಾಲ ಹತ್ತಿರ ಒಂದು ವಾಲ್ಯೂಮ್ ಪೆಡಲ್ ಇರುತ್ತದೆ. ಸದ್ದು ಪೂರ್ತಿ ತಗ್ಗಿಸಿ ತಂತಿ ಮೀಟುತ್ತಾನೆ. ಆಮೇಲೆ ಪೆಡಲ್ ಒತ್ತಿ ಸದ್ದು ಏರಿಸುತ್ತಾನೆ. ಬೆರಳು ತಂತಿಗೆ ತಾಗಿದ ಸದ್ದೇ ನಮಗೆ ಕೇಳಿಸೋದಿಲ್ಲ. ಸ್ವರ ಎಲ್ಲಿಂದಲೋ ತಾನಾಗಿ ಎದ್ದು ಬಂದ ಹಾಗೆ ಬರುತ್ತದೆ, ತುಂಬಿಕೊಳ್ಳುತ್ತದೆ, ಎಡಗೈ ಬೆರಳು ಅದನ್ನು ಸ್ವಲ್ಪ ಅಲುಗಿಸುತ್ತದೆ, ಆರುವಷ್ಟರಲ್ಲಿ ಮುಂದಿನದು ಬರುತ್ತದೆ. ಇಡೀ ಮೈದಾನ ಆ ಒಂದೊಂದು ಸ್ವರಕ್ಕೆ ಕಾದು ನಿಂತಿತ್ತು. ಅಲ್ಲಿ ವೇಗಕ್ಕೆ ಕೆಲಸವೇ ಇರಲಿಲ್ಲ. ಆ ರಾತ್ರಿ ಅವನ ಬಗ್ಗೆ ನನಗೆ ಬಂದ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ.

ಹಾಗಂತ ನಿಧಾನವಾದದ್ದೆಲ್ಲ ಪಕ್ವವಾಯಿತು ಅಂತ ಹೇಳಿಕೊಂಡು ತಿರುಗಬೇಡ. ಅಭಿಮಾನಿಗಳು ಸುಲಭವಾಗಿ ಹಿಡಿಯುವ ಸಮಾಧಾನ ಅದು. ಕೆಲವು ಹಾಡುಗಳು ಓಡೋದಕ್ಕೇ ಹುಟ್ಟಿದವು. 'ಸುಲ್ತಾನ್ಸ್' ಅಂಥದ್ದು. ಅದರ ಕಾಲು ಕಟ್ಟಿದರೆ ಅದರ ಜೀವ ಕುಗ್ಗುತ್ತದೆ, ಎಷ್ಟು ದೊಡ್ಡ ಕಲಾವಿದ ನುಡಿಸಿದರೂ ಅಷ್ಟೇ. ಎಲ್ಲರ ಕೈಗೂ ವಯಸ್ಸು ಒಂದೇ ಥರ ಬರೋದೂ ಇಲ್ಲ. ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ತನಗೆ ನರಗಳ ತೊಂದರೆ ಇದೆ, ಗಿಟಾರ್ ನುಡಿಸೋದು ಕಷ್ಟವಾಗಿದೆ ಅಂತ 2016ರಲ್ಲಿ ತಾನೇ ಹೇಳಿಕೊಂಡ. ಇನ್ನೊಬ್ಬ ಗಿಟಾರಿಸ್ಟ್ ಜೆಫ್ ಬೆಕ್ 2023ರ ಜನವರಿಯಲ್ಲಿ 78ನೇ ವಯಸ್ಸಿನಲ್ಲಿ ತೀರಿಕೊಂಡ, ಹಿಂದಿನ ವರ್ಷದವರೆಗೂ ವೇದಿಕೆ ಮೇಲಿದ್ದ. ವಯಸ್ಸಾದ ಮೇಲೆ ಅವನ ಒಂದೊಂದು ಸ್ವರವೂ ಮನುಷ್ಯನ ದನಿಯಷ್ಟು ಹತ್ತಿರವಾಗಿತ್ತು ಅಂತ ನನ್ನ ಅನಿಸಿಕೆ. ಹಾಗಾಗಿ ವಯಸ್ಸು ಎಷ್ಟು ಅಂತ ನೋಡಿ ತೀರ್ಪು ಕೊಡಬೇಡ. ಆ ದಿನ, ಆ ಹಾಡಿನಲ್ಲಿ, ಆ ಕೈ ಏನು ಮಾಡಿತು ಅಂತ ಕೇಳು.

ಇದನ್ನು ಕಲಿಯೋದಕ್ಕೆ ನೀನು ಲಂಡನ್ನಿಗೆ ಹೋಗಬೇಕಾಗಿಲ್ಲ. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿಗೆ ಬಾ. ಅಲ್ಲಿ 1960ರ ದಶಕದಿಂದ ಗಣೇಶೋತ್ಸವಕ್ಕೆ ರಸ್ತೆಯಲ್ಲೇ ಪೆಂಡಾಲ್ ಹಾಕಿ ಕಛೇರಿ ನಡೆಸುತ್ತಾರೆ. ಹಿರಿಯ ವಿದ್ವಾಂಸರು ಹಾಡುವಾಗ ನಮ್ಮ ಮೈಸೂರಿನ ಹಳೇ ರಸಿಕರ ಪಕ್ಕ ಕೂತು ನೋಡು. 'ಶಾರೀರ ಇಳಿದಿದೆ ಅಲ್ವಾ' ಅಂತಾರೆ. ಅದೇ ಉಸಿರಿನಲ್ಲಿ 'ತೋಡಿ ಹಿಡಿದದ್ದು ನೋಡಿ, ಆಹಾ' ಅಂತಾರೆ. ಎರಡೂ ನಿಜ, ಎರಡನ್ನೂ ಹೇಳುತ್ತಾರೆ. ಅದಕ್ಕಾಗಿ ಯಾರೂ ಯಾರ ಜೊತೆಗೂ ಮಾತು ಬಿಡೋದಿಲ್ಲ. ಹಾಡುತ್ತಲೇ ಹೊಸದಾಗಿ ಕಟ್ಟುವ ಸ್ವರ ಕಲ್ಪನೆ ಹೋದ ವರ್ಷ ಹಾಡಿದ ಹಾಗೇ ಇರಬೇಕು ಅಂತಲೂ ಯಾರೂ ಕೇಳೋದಿಲ್ಲ. ಹಾಗೇ ಇದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ! ನಾಫ್ಲರ್ ಕೂಡ 'ಆಲ್ಕೆಮಿ'ಯಲ್ಲಿ ಆ ರಾತ್ರಿಗೆ ತೋಚಿದ್ದನ್ನು ನುಡಿಸಿದ್ದ. ಅದನ್ನು ಬಾಯಿಪಾಠ ಮಾಡಿಟ್ಟುಕೊಂಡು, 36 ವರ್ಷ ಆದ ಮೇಲೂ ಅದನ್ನೇ ಒಪ್ಪಿಸು ಅನ್ನೋದು ಯಾವ ನ್ಯಾಯ?

ಸರೋದ್ ವಾದಕ ರಾಜೀವ ತಾರಾನಾಥರು 2024ರ ಜೂನ್‌ನಲ್ಲಿ ಇಲ್ಲೇ ಮೈಸೂರಿನಲ್ಲಿ ತೀರಿಕೊಂಡರಲ್ಲ, ಅವರಿಗೆ ಆಗ 91. ಇಳಿವಯಸ್ಸಿನಲ್ಲಿ ಅವರು ನುಡಿಸಿದ್ದನ್ನು ನಾನು ಎದುರು ಕೂತು ಕೇಳಿದ್ದೇನೆ. ಸರೋದಿಗೆ ಗಿಟಾರಿನ ಹಾಗೆ ಮೆಟ್ಟಿಲು ಇಲ್ಲ. ನುಣ್ಣನೆ ಲೋಹದ ಹಲಗೆ, ಅದರ ಮೇಲೆ ಎಡಗೈ ಉಗುರಿನಲ್ಲಿ ತಂತಿ ಒತ್ತಿ ಜಾರಿಸಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ಅಂಥ ವಾದ್ಯವನ್ನು ಆ ವಯಸ್ಸಿನಲ್ಲಿ ಹಿಡಿಯೋದೇ ಧೈರ್ಯ. ಆಲಾಪದಲ್ಲಿ ಒಂದು ಸ್ವರದ ಹತ್ತಿರ ಹೋಗಿ, ನಿಂತು, ಮತ್ತೆ ಹಿಂದೆ ಬಂದು, ಅದನ್ನು ಮುಟ್ಟೋದಕ್ಕೆ ಅವರು ತೆಗೆದುಕೊಳ್ಳುತ್ತಿದ್ದ ಹೊತ್ತು ನನಗೆ ಇಡೀ ಕಛೇರಿಯಷ್ಟು ಬೆಲೆಬಾಳುತ್ತಿತ್ತು. ಅವರ ಮೂವತ್ತರ ವಯಸ್ಸಿನ ಕೈ ಇದಲ್ಲ ಅಂತ ಗೊತ್ತಿದ್ದೇ ಕೂತಿದ್ದೆವು. ಗೊತ್ತಿದ್ದದ್ದರಿಂದಲೇ ಆ ಸ್ವರ ಅಷ್ಟು ತಟ್ಟಿತು.

ಇನ್ನು ನಿನ್ನ ನುಡಿಸಾಣಿಕೆ ವಿಷಯ. 'ಸುಲ್ತಾನ್ಸ್' ಕೊನೆಯ ಭಾಗವನ್ನೇ ದಿನಾ ಉಜ್ಜುತ್ತಿದ್ದೀಯ ಅಂತ ಗೊತ್ತು. ಉಜ್ಜು, ನಿನ್ನ ವಯಸ್ಸಿನಲ್ಲಿ ಉಜ್ಜದೆ ಇನ್ಯಾವಾಗ? ಆದರೆ ಜೊತೆಗೆ 'ಲೋಕಲ್ ಹೀರೋ' ರಾಗವನ್ನೂ ಹಿಡಿ. ಪಿಕ್ ಬಿಟ್ಟು ಬೆರಳಲ್ಲೇ ನುಡಿಸು. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಬೇಡ, ಅದು ತಪ್ಪುಗಳನ್ನು ಮುಚ್ಚಿಬಿಡುತ್ತದೆ. ಒಂದು ಸ್ವರ ಮೀಟಿ, ಅದು ಪೂರ್ತಿ ಆರುವವರೆಗೆ ಕಾದು, ಆಮೇಲೆ ಮುಂದಿನದಕ್ಕೆ ಹೋಗು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳು. ವೇಗದಲ್ಲಿ ಕಾಣದ ಹುಳುಕೆಲ್ಲ ಅಲ್ಲಿ ಕಾಣುತ್ತದೆ. ಅಷ್ಟು ಮಾಡಿದ ಮೇಲೆ ಅವನ 2019ರ ಶೋ ಕೇಳಿದರೆ ನಿನಗೆ ಬೇರೆಯೇ ವಿಷಯ ಕೇಳಿಸುತ್ತದೆ ಅಂತ ನನಗೆ ನಂಬಿಕೆ ಇದೆ.

ಸ್ನೇಹಿತನ ಮನೆಗೆ ನೀನೇ ಹೋಗು. ಅವನು ಬರಲಿ ಅಂತ ಕಾಯಬೇಡ. 'ನಿನಗೆ ಕಿವಿ ಇಲ್ಲ' ಅನ್ನೋ ಮಾತು ಬೇಸ್ ನುಡಿಸುವವನಿಗೆ ಎಷ್ಟು ನಾಟುತ್ತದೆ ಅಂತ ನಿನಗೇ ಗೊತ್ತು. ನಿಮ್ಮ ನಾಲ್ಕು ಜನರ ಲಯ ಹಿಡಿದು ಕೂರಿಸುವವನೇ ಅವನು. 'ನಾಫ್ಲರ್ ಕೈ ನಿಧಾನವಾಗಿದೆ, ನೀನು ಹೇಳಿದ್ದು ಸರಿ' ಅಂತ ಮೊದಲು ಅವನಿಗೆ ಹೇಳು. ಆಮೇಲೆ 1983ರ ಎರಡು ರೆಕಾರ್ಡನ್ನೂ ಪಕ್ಕಪಕ್ಕ ಇಟ್ಟು ಕೇಳಿಸು. ಅವನು ಒಪ್ಪದಿದ್ದರೂ ಪರವಾಗಿಲ್ಲ. ಅವನಿಗೆ ವೇಗವೇ ಇಷ್ಟ ಅಂದರೆ ಇರಲಿ, ಅದೂ ಒಂದು ರುಚಿ. ಎಲ್ಲರೂ ಒಂದೇ ಥರ ಕೇಳಬೇಕು ಅಂತ ಎಲ್ಲೂ ಬರೆದಿಟ್ಟಿಲ್ಲ.

ಭಾನುವಾರ ಬೆಳಿಗ್ಗೆ ರೈಲು ಹಿಡಿದು ಇಬ್ಬರೂ ಇಲ್ಲಿಗೆ ಬನ್ನಿ. ಆಟ್ಕಿನ್ಸ್ ಜೊತೆ ಮಾಡಿದ ಆ ಆಲ್ಬಂ ನನ್ನ ಹತ್ತಿರ ಇದೆ, ಊಟ ಆದ ಮೇಲೆ ಹಾಕೋಣ. ಅತ್ತೆ ನಿಮ್ಮಿಬ್ಬರಿಗೂ ಸೇರಿಸಿಯೇ ಅಡುಗೆ ಮಾಡುತ್ತಾಳೆ. ಗಿಟಾರ್ ತರೋದು ಮರೀಬೇಡ. ಬೇಸ್‌ಗೆ ಇಲ್ಲಿ ಆಂಪ್ ಇಲ್ಲ, ಅವನ ಚಿಕ್ಕದನ್ನು ತರೋದಕ್ಕೆ ಹೇಳು.

ಅಪ್ಪ ಅಮ್ಮನಿಗೆ ನನ್ನ ನೆನಪು ತಿಳಿಸು.

ಇತಿ ಆಶೀರ್ವಾದಗಳು,
ನಿನ್ನ ಮಾವ