ಲೈಸೆನ್ಸ್ ಬೇಡದ ಕೋವಿ: ಮಗಳಿಗೊಂದು ಪತ್ರ

ಪ್ರೀತಿಯ ಮುತ್ತೂ,

‘ನಿಮ್ಮ ಕೊಡಗಿನಲ್ಲೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುತ್ತೀರಲ್ಲ, ಹಾಗಾದರೆ ನೀವೂ ನಮ್ಮ ಕಡೆಯವರೇ’ ಎಂದು ಟೆಕ್ಸಸ್‌ನ ನಿನ್ನ ಸಹಪಾಠಿ ಹೇಳಿದನಂತೆ, ನೀನು ನಕ್ಕು ಸುಮ್ಮನಾದೆಯಂತೆ. ಮುಂದಿನ ಸಲ ಸುಮ್ಮನಾಗಬೇಡ. ಕೋವಿ ಇಟ್ಟುಕೊಳ್ಳುವುದು ಎಲ್ಲರ ಹಕ್ಕು ಎಂಬ ಅವನ ವಾದಕ್ಕೆ ನಮ್ಮ ಕೋವಿಯನ್ನು ಎರವಲು ಕೊಡಲು ನನಗೆ ಇಷ್ಟವಿಲ್ಲ.

ಅವನದು ಅಮೆರಿಕದ ಸಂವಿಧಾನದ ಹಕ್ಕು. 1791ರ ತಿದ್ದುಪಡಿಯಿಂದ ಬಂದದ್ದು. ನಮ್ಮದು ಬರೀ ವಿನಾಯಿತಿ. 1861ರಲ್ಲಿ ಬ್ರಿಟಿಷರು ನಮ್ಮ ನಿಷ್ಠೆಗೆ ಮೆಚ್ಚಿ ಕೊಟ್ಟರು. ಯಾರ ಮೇಲಿನ ನಿಷ್ಠೆ ಎಂಬುದನ್ನು ಹಬ್ಬದ ಭಾಷಣಗಳಲ್ಲಿ ಯಾರೂ ಎತ್ತುವುದಿಲ್ಲ, ಬಿಡು. ಸ್ವತಂತ್ರ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಡಿಯೂ ಕೊಡವರಿಗೆ, ಜಮ್ಮಾ (ತಲೆಮಾರಿನಿಂದ ಬಂದ ಜಮೀನು) ಹಿಡುವಳಿದಾರರಿಗೆ ಅದು ಮುಂದುವರಿಯಿತು. 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೂ ಸದ್ಯಕ್ಕೆ ಅದರ ಅವಧಿ 2029ರವರೆಗೆ ಮಾತ್ರ. ಎಷ್ಟು ಕೋವಿ, ಎಷ್ಟು ತೋಟಾ ಎಂಬುದಕ್ಕೂ ಮಿತಿ ಇದೆ.

ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಬೆಳಿಗ್ಗೆ ನೀನೇ ಎಣ್ಣೆ ಬಟ್ಟೆ ಹಿಡಿದು ನಳಿಗೆ ಒರೆಸುತ್ತಿದ್ದೆ. ನಳಿಗೆಯ ತುದಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಇಡುತ್ತಿದ್ದೆವು. ಸಂಜೆ ಮರದ ತುದಿಯ ತೆಂಗಿನಕಾಯಿಗೆ ಗುರಿ. ಅದಾದ ಮೇಲೆ ಕೋವಿ ಮತ್ತೆ ಕಪಾಟಿಗೆ, ಬೀಗದ ಕೈ ನಿನ್ನ ಅಜ್ಜಿಯ ಸೆರಗಿಗೆ. ಅಜ್ಜಿ ಕೊಡದೆ ಯಾವ ಗಂಡಸಿಗೂ ಅದು ಸಿಗುತ್ತಿರಲಿಲ್ಲ.

ಆ ಹುಡುಗನಿಗೆ ಅವನದೇ ರಾಜ್ಯದ ಯುವಾಲ್ಡೆಯನ್ನು ನೆನಪಿಸು. 2022ರ ಮೇ ತಿಂಗಳಲ್ಲಿ, 18 ತುಂಬಿ ಕೆಲವೇ ದಿನಗಳಾಗಿದ್ದ ಒಬ್ಬ ಕಾನೂನುಬದ್ಧವಾಗಿಯೇ ಕೊಂಡ ರೈಫಲ್ಲಿನಿಂದ ಅಲ್ಲಿನ ಶಾಲೆಯೊಂದರಲ್ಲಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದ. ಒಳ್ಳೆಯವರ ಕೈಯಲ್ಲಿ ಕೋವಿಯಿದ್ದರೆ ಸಾಕು ಎನ್ನುತ್ತಾರಲ್ಲ, ಅಲ್ಲಿ ಕೋವಿ ಹಿಡಿದ ಪೊಲೀಸರು ಒಂದು ತಾಸಿಗೂ ಹೆಚ್ಚು ಹೊತ್ತು ತರಗತಿಯ ಹೊರಗೇ ನಿಂತಿದ್ದರು.

ಹಾಗೆಂದು ನಾವು ಎದೆಯುಬ್ಬಿಸಿ ಮಾತಾಡುವಂತೆಯೂ ಇಲ್ಲ. ಅಣ್ಣತಮ್ಮಂದಿರ ನಡುವೆ ತೋಟದ ಗಡಿಯ ತಗಾದೆ, ಎರಡು ಗ್ಲಾಸು ಹೆಚ್ಚಾದ ರಾತ್ರಿ, ಕೈಗೆಟುಕುವಲ್ಲಿ ತುಂಬಿದ ಕೋವಿ: ಇವು ಒಂದಾದರೆ ಏನಾಗುತ್ತದೆಂದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

2029ಕ್ಕೆ ಮುಂಚೆ ವಿನಾಯಿತಿ ಮುಂದುವರಿಸಿ ಎಂಬ ಮನವಿ ಬಂದೇ ಬರುತ್ತದೆ. ಸಹಿ ಹಾಕುತ್ತೇನೆ. ಆದರೆ ಬೀಗದ ಕಪಾಟು ಕಡ್ಡಾಯ ಎಂಬ ಶರತ್ತನ್ನೂ ಸೇರಿಸಿ ಎಂದು ಹಟ ಹಿಡಿಯುತ್ತೇನೆ. ನಿನ್ನ ದೊಡ್ಡಪ್ಪನಿಗೆ ಈಗಲೇ ಹೇಳಿದ್ದೇನೆ. ಅಂದಿನಿಂದ ಅವರು ನನ್ನ ಫೋನ್ ಎತ್ತುತ್ತಿಲ್ಲ.

ನಿನ್ನ ಅಪ್ಪ