ನಿಮ್ಮ ಗ್ರೈಂಡರ್ ನಮ್ಮ ಮನೆಯಲ್ಲಿದೆ, ದಯವಿಟ್ಟು ತೆಗೆದುಕೊಂಡು ಹೋಗಿ

ಮಾಟುಂಗಾ ಪೂರ್ವ, ಮುಂಬೈ
15 ಸೆಪ್ಟೆಂಬರ್ 2025

ಕುಂದುಕೊರತೆ ಅಧಿಕಾರಿಗಳಿಗೆ,

ವಿಷಯ: ಕ್ಯಾನ್ಸಲ್ ಆಗಿ ಹಣ ವಾಪಸ್ ಬಂದ ಮೇಲೂ ಮನೆಗೆ ಬಂದ ವೆಟ್ ಗ್ರೈಂಡರ್, ಮತ್ತು ಅದನ್ನು ನಾನು ಕೊಡಲು ಒಪ್ಪಲಿಲ್ಲ ಎಂಬ ನಿಮ್ಮ ಸುಳ್ಳು ದಾಖಲೆ

ಮಾನ್ಯರೇ,

ಇಂಗ್ಲಿಷ್‌ನಲ್ಲಿ ಎರಡು ಮೇಲ್ ಹಾಕಿದೆ. ಹಿಂದಿಯಲ್ಲಿ ಐದು ಸಲ ಫೋನ್‌ನಲ್ಲಿ ಮಾತಾಡಿದೆ. ಪ್ರಯೋಜನ ಆಗಲಿಲ್ಲ. ನಿಮ್ಮ ಆ್ಯಪ್‌ನಲ್ಲಿ ಕನ್ನಡವೂ ಇದೆಯಲ್ಲ, ಹಾಗಾಗಿ ಈ ಸಲ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆಗಸ್ಟ್ 11ರಂದು ನಿಮ್ಮಲ್ಲಿ ಎರಡು ಲೀಟರಿನ ಗ್ರೈಂಡರ್ ಆರ್ಡರ್ ಮಾಡಿದೆ. ಬೆಲೆ 4,850 ರೂಪಾಯಿ, ಯುಪಿಐನಲ್ಲಿ ಕಟ್ಟಿದೆ. 27ಕ್ಕೆ ಚೌತಿ. ನಾವು ಉಡುಪಿ ಕಡೆಯವರು, ಹಬ್ಬಕ್ಕೆ ಹಿಟ್ಟು ರುಬ್ಬಿ ಮೂಡೆ (ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿ) ಆಗಲೇಬೇಕು. ನಮ್ಮ ಹಳೇ ಗ್ರೈಂಡರಿನ ಮೋಟಾರು ಸುಟ್ಟುಹೋಗಿತ್ತು. 16ಕ್ಕೆ ಬರುತ್ತದೆ ಅಂದಿರಿ, ಆಮೇಲೆ 18 ಅಂದಿರಿ, ಆಮೇಲೆ 20. ಆ 18, 19ನೇ ತಾರೀಕು ಇಲ್ಲಿ ಎಂಥ ಮಳೆ ಸುರಿಯಿತು ಅಂತ ಇಡೀ ದೇಶಕ್ಕೆ ಗೊತ್ತು. ಲೋಕಲ್ ರೈಲುಗಳೇ ನಿಂತಿದ್ದವು. 'ಮಳೆ ಸಾರ್, ತಡ ಆಗುತ್ತೆ' ಎಂದು ಒಂದು ಮಾತು ಹೇಳಿದ್ದರೆ ಸುಮ್ನೆ ಕಾಯುತ್ತಿದ್ದೆ. ಯಾರೂ ಹೇಳಲಿಲ್ಲ. 20ರ ಸಂಜೆ ಕ್ಯಾನ್ಸಲ್ ಮಾಡಿದೆ. 21ಕ್ಕೆ ದುಡ್ಡು ಬಂತು, ಅದರಲ್ಲಿ ನನ್ನದೇನೂ ತಕರಾರಿಲ್ಲ. 22ಕ್ಕೆ ಇಲ್ಲೇ ಮಾಟುಂಗಾ ಮಾರ್ಕೆಟ್ಟಿನಲ್ಲಿ ಬೇರೆ ಗ್ರೈಂಡರ್ ತಂದೆವು.

23ರ ಮಧ್ಯಾಹ್ನ ನಿಮ್ಮ ಬಾಕ್ಸು ಬಂತು.

ನಾವ್ಯಾರೂ ಮನೆಯಲ್ಲಿರಲಿಲ್ಲ. ಓಟಿಪಿ ಕೇಳಲಿಲ್ಲ, ಫೋನೂ ಮಾಡಲಿಲ್ಲ. ವಾಚ್‌ಮನ್ ಕೈಲಿ ಕೊಟ್ಟು ಹೋಗಿದ್ದಾರೆ. ಪಾಪ, ಅವನು ಅದನ್ನು ಹೆಗಲ ಮೇಲೆ ಹೊತ್ತು ಮೂರನೇ ಮಹಡಿಗೆ ತಂದಿಟ್ಟ. ಅವನಿಗೆ ಚಹಾಕ್ಕೆಂದು ಐವತ್ತು ರೂಪಾಯಿ ಕೊಟ್ಟೆ. ಅದನ್ನು ನಿಮ್ಮಿಂದ ಕೇಳುವುದಿಲ್ಲ. ಅವತ್ತೇ ಸಂಜೆ ಬಾಕ್ಸಿನ ಫೋಟೋ, ಮೇಲಿನ ಚೀಟಿಯ ಫೋಟೋ ಸಮೇತ ನಿಮಗೆ ಮೇಲ್ ಹಾಕಿದೆ. ಮೊದಲು ತಿಳಿಸಿದ್ದು ನಾನು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫೋನ್ ಮಾಡಿದರೆ ನಿಮ್ಮವರದು ಒಂದೇ ಪಾಠ: 'ಆರ್ಡರ್ ಕ್ಯಾನ್ಸಲ್ ಆಗಿದೆ, ರೀಫಂಡ್ ಆಗಿದೆ, ಸಮಸ್ಯೆ ಬಗೆಹರಿದಿದೆ.' ಸಮಸ್ಯೆ ನನ್ನ ಕಾಲ ಬುಡದಲ್ಲೇ ಕೂತಿದೆ ಮೇಡಂ ಅಂದೆ. ಐದು ಸ್ಟಾರ್ ಕೊಡಿ ಅಂದರು. ಆ್ಯಪ್‌ನಲ್ಲಿ ನೋಡಿದರೆ ವಾಪಸ್ ಕೊಡುವ ಬಟನ್ನೇ ಇಲ್ಲ. ನಿಮ್ಮ ಲೆಕ್ಕದಲ್ಲಿ ಆ ಸಾಮಾನು ನನ್ನ ಹತ್ತಿರ ಬಂದೇ ಇಲ್ಲ!

ಮೂರನೇ ಫೋನಿನ ನಂತರ ಸೆಪ್ಟೆಂಬರ್ 2ಕ್ಕೆ ಒಬ್ಬ ಹುಡುಗ ಬಂದ. ಬೈಕಿನಲ್ಲಿ, ಬೆನ್ನಿಗೆ ಬಟ್ಟೆಬರೆ ಹಾಕುವ ಚೀಲ. ಬಾಕ್ಸು ನೋಡಿ 'ಇಷ್ಟು ದೊಡ್ಡದಾ?' ಅಂದ. ಎರಡೂ ಕೈಯಲ್ಲಿ ಒಂದು ಮೂಲೆ ಎತ್ತಿ ನೋಡಿ ಮೆಲ್ಲಗೆ ಇಳಿಸಿದ. 'ನನಗೆ ಕುರ್ತಾ ಅಂತ ಬಂದಿದೆ' ಎಂದು ಫೋನ್ ತೋರಿಸಿದ. ಸರಿಯಪ್ಪ, ಹೇಗಾದರೂ ಒಯ್ಯುತ್ತೀಯಾದರೆ ಒಯ್ಯಿ, ಒಂದು ರಸೀದಿ ಕೊಟ್ಟು ಹೋಗು ಅಂದೆ. ರಸೀದಿ ತನ್ನ ಹತ್ತಿರ ಇರುವುದಿಲ್ಲ ಅಂದ. ನೀರು ಕುಡಿದು, ಇದು ಭಿವಂಡಿ ಗೋಡೌನಿನಿಂದಲೇ ಆರ್‌ಟಿಒ ಆಗಬೇಕಿತ್ತು ಅಂತ ಹೇಳಿ ಹೋದ. ಈ ಸಾಮಾನಿಗೂ ಗಾಡಿ ರಿಜಿಸ್ಟ್ರಿ ಆಫೀಸಿಗೂ ಏನು ಸಂಬಂಧ ಅಂತ ನಮ್ಮ ಅಮ್ಮ ಈಗಲೂ ಕೇಳುತ್ತಿದ್ದಾರೆ. ಡೆಲಿವರಿಯವರ ಭಾಷೆಯಲ್ಲಿ ಆರ್‌ಟಿಒ ಅಂದರೆ ಕಳಿಸಿದವರಿಗೇ ವಾಪಸ್ ಅಂತ ಅರ್ಥವಂತೆ. ಆ ಹುಡುಗನ ಮೇಲೆ ನನ್ನ ದೂರಿಲ್ಲ.

ದೂರಿರುವುದು ಆಮೇಲೆ ಬಂದ ಮೆಸೇಜಿನ ಮೇಲೆ. ಆ ರಾತ್ರಿ ಬಂತು: 'ಪಿಕಪ್ ವಿಫಲ. ಕಾರಣ: ವಸ್ತು ಕೊಡಲು ಗ್ರಾಹಕರು ಒಪ್ಪಲಿಲ್ಲ.' ಒಂದು ವಾರ ಬಿಟ್ಟು, ಸೆಪ್ಟೆಂಬರ್ 9ಕ್ಕೆ ಇನ್ನೊಂದು: ನಾನು ನಿಮ್ಮ ವಸ್ತು ಇಟ್ಟುಕೊಂಡಿದ್ದೇನೆ, 7 ದಿನದೊಳಗೆ 4,850 ರೂಪಾಯಿ ಕಟ್ಟಬೇಕು, ಇಲ್ಲದಿದ್ದರೆ ಖಾತೆ ಬಂದ್ ಮಾಡಿ ಕಾನೂನು ಕ್ರಮ ತೆಗೆದುಕೊಳ್ಳುತ್ತೀರಂತೆ. ಕೆಳಗೊಂದು ಲಿಂಕ್ ಬೇರೆ. ಅದು ನೀವೇ ಕಳಿಸಿದ್ದೋ ಯಾರಾದರೂ ಕಳ್ಳರು ಕಳಿಸಿದ್ದೋ ಗೊತ್ತಾಗದೆ ಒತ್ತಲಿಲ್ಲ. ಆ 7 ದಿನ ನಾಳೆಗೆ ಮುಗಿಯುತ್ತದೆ.

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂತವನು ನಾನು. ಯಾರಾದರೂ ಒಂದು ನೋಟು ಜಾಸ್ತಿ ಕೊಟ್ಟು ಹೋದರೆ ಬಾಗಿಲವರೆಗೆ ಓಡಿ ಕರೆದು ಕೊಟ್ಟಿದ್ದೇನೆ. ನೀವು 'ಇಟ್ಟುಕೊಂಡಿದ್ದೀರಿ' ಅಂತ ಬರೆದಿದ್ದು ನನಗೆ ಎಷ್ಟು ಚುಚ್ಚಿದೆ ಅಂತ ನಿಮಗೆ ತಿಳಿಯಲಿಕ್ಕಿಲ್ಲ.

ಇಟ್ಟುಕೊಳ್ಳಿ ಅಂತ ಹೇಳಿದವರೇನೂ ಕಡಿಮೆ ಇರಲಿಲ್ಲ. ಎರಡನೇ ಮಹಡಿಯ ಶೆಟ್ರು, 'ಲಕ್ಷ್ಮಿ ತಾನಾಗಿ ಬಂದಿದ್ದಾಳೆ, ಬಾಗಿಲು ಹಾಕ್ತೀರಲ್ಲ ಮಾರಾಯ್ರೆ' ಅಂದರು. ನ್ಯೂಜೆರ್ಸಿಯಲ್ಲಿರುವ ತಂಗಿ ಮಗ, ಅಲ್ಲಿ ಕೇಳದೇ ಕಳಿಸಿದ ಸಾಮಾನು ಇಟ್ಟುಕೊಳ್ಳಬಹುದು ಮಾವ ಅಂದ. ಇದು ಕೇಳದೇ ಬಂದದ್ದಲ್ಲ, ಕೇಳಿ ಬೇಡ ಅಂದದ್ದು. ಮೇಲಾಗಿ ನಮ್ಮಲ್ಲಿ 1872ರ ಕರಾರು ಕಾಯ್ದೆ ಇದೆ. ತಪ್ಪಿ ಬಂದ ದುಡ್ಡನ್ನೋ ಸಾಮಾನನ್ನೋ ವಾಪಸ್ ಕೊಡಬೇಕು ಅಂತ ಅದರ 72ನೇ ಕಲಂ ಹೇಳುತ್ತದೆ. ಕೊಡಲು ನಾನು ತಯಾರಿದ್ದೇನೆ. ತೆಗೆದುಕೊಳ್ಳಲು ನೀವು ತಯಾರಿಲ್ಲ. ಬರಲೇಬಾರದಿದ್ದ ಸಾಮಾನಿನ ದುಡ್ಡು ಕಟ್ಟು ಅಂತ ಹೇಳಲು ಯಾವ ಕಲಂ ಇದೆ ಅಂತ ನೀವೇ ಹೇಳಿ.

ಬಾಕ್ಸು ಈಗ ಎಲ್ಲಿದೆ ಗೊತ್ತಾ? ಮಂಚದ ಕೆಳಗೆ ಹಿಡಿಸಲಿಲ್ಲ. ಅಡುಗೆಮನೆಯಲ್ಲಿ ಜಾಗವಿಲ್ಲ. ಹಾಲಿನಲ್ಲಿ ಟಿವಿ ಪಕ್ಕ ಇದೆ. ಮಳೆಗಾಲ, ನೆಲ ಬೆವರುತ್ತದೆ, ರಟ್ಟು ಮೆತ್ತಗಾಗಬಾರದು ಅಂತ ಅಡಿಗೆ ಎರಡು ಮಣೆ ಕೊಟ್ಟಿದ್ದೇನೆ. ಅಂಟಿಸಿದ ಟೇಪು ಹಾಗೇ ಇದೆ, ಒಳಗೆ ಯಾವ ಬಣ್ಣದ್ದಿದೆ ಅಂತಲೂ ನೋಡಿಲ್ಲ. ಚೌತಿಗೆ ಬಂದ ನೆಂಟರು ಅದರ ಮೇಲೆ ಕೂರಲು ಹೋದರೆ ನಾನೇ ಎಬ್ಬಿಸಿದ್ದೇನೆ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿತು ಅಂತ 48 ಗಂಟೆಯೊಳಗೆ ನೀವು ತಿಳಿಸಬೇಕಿತ್ತು. ತಿಳಿಸಲಿಲ್ಲ. ದೂರು ಬಗೆಹರಿಸಲು ಒಂದು ತಿಂಗಳು. ನನ್ನ ಮೊದಲ ಮೇಲ್ ಆಗಸ್ಟ್ 23ರದು, ಅಂದರೆ ಇನ್ನು 8 ದಿನ ಉಳಿದಿದೆ. ಅಷ್ಟರಲ್ಲಿ 9ನೇ ತಾರೀಕಿನ ಮೆಸೇಜು ತಪ್ಪು ಅಂತ ಬರೆದು ಕೊಡಿ. 'ಗ್ರಾಹಕರು ಒಪ್ಪಲಿಲ್ಲ' ಎಂಬುದನ್ನು ಅಳಿಸಿ. ಸಾಮಾನು ಒಯ್ಯುವಾಗ ಚೀಟಿಯ ಮೇಲಿನ ನಂಬರು ಹಾಕಿದ ರಸೀದಿ ಬೇಕು, ಬಾಯಿ ಮಾತು ಸಾಲದು. ಅದು ನಿಮಗೆ ಬೇಡವೇ ಬೇಡ ಅಂತಾದರೆ ಅದನ್ನಾದರೂ ಬರೆದು ಕಳಿಸಿ. ಇವೆರಡರಲ್ಲಿ ಒಂದೂ ಆಗದಿದ್ದರೆ 24ಕ್ಕೆ ಬೆಳಿಗ್ಗೆ 1915ಕ್ಕೆ ಫೋನ್ ಮಾಡುತ್ತೇನೆ. ಗ್ರಾಹಕ ಸಹಾಯವಾಣಿ ಅದು, ನಿಮಗೂ ಗೊತ್ತಿರುತ್ತದೆ. ಮೇಲ್, ಮೆಸೇಜು, ಫೋಟೋ ಎಲ್ಲ ಪ್ರಿಂಟ್ ತೆಗೆಸಿ ಇಟ್ಟಿದ್ದೇನೆ.

ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಸಂಜೆ ಐದರ ಮೇಲೆ ಮನೆಯಲ್ಲೇ ಇರುತ್ತೇನೆ. ಬೈಕ್ ಕಳಿಸಬೇಡಿ, ಟೆಂಪೋ ಕಳಿಸಿ. ನಮ್ಮ ಕಟ್ಟಡದ ಲಿಫ್ಟು ಹೋದ ತಿಂಗಳಿಂದ ಕೆಟ್ಟಿದೆ, ಬರುವವರಿಗೆ ಮೊದಲೇ ಹೇಳಿ. ಕೆಳಗೆ ಇಳಿಸಲು ನಾನೂ ಒಂದು ಕೈ ಹಾಕುತ್ತೇನೆ.

ಇಂತಿ,
ನಿಮ್ಮ ಗ್ರಾಹಕ (ಸದ್ಯಕ್ಕೆ)