ಪ್ರೆಸ್ ಮುಚ್ಚಿದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಕರ್ತನ ನಾಮದಲ್ಲಿ ವಂದನೆ.

ನಿನ್ನ ಮೆಸೇಜು ಓದಿದೆ. ಪ್ರೆಸ್ ಮುಚ್ಚಿದ ಸುದ್ದಿಗಿಂತ, "ನನ್ನ ನಂಬಿಕೆಯಲ್ಲೇ ಏನೋ ಕೊರತೆ ಇರಬೇಕು" ಅಂತ ಕೊನೆಗೆ ಬರೆದಿದ್ದೀಯಲ್ಲ, ಅದು ನನಗೆ ಜಾಸ್ತಿ ನೋವು ಕೊಟ್ಟಿತು. ಯಾರು ಈ ಮಾತನ್ನು ನಿನ್ನ ತಲೆಗೆ ತುಂಬಿದರೋ! ಸಭೆಯಲ್ಲಿ ಸಾಕ್ಷಿ ಹೇಳಲು ಎದ್ದು ನಿಲ್ಲುವವರೆಲ್ಲ ಕಷ್ಟ ಮುಗಿದವರೇ. ಕೆಲಸ ಹೋಯಿತು, ಪ್ರಾರ್ಥನೆ ಮಾಡಿದೆ, ಅದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿತು, ದೇವರಿಗೆ ಸ್ತೋತ್ರ. ಸ್ತೋತ್ರ ಸರಿಯೇ. ಆದರೆ ಇನ್ನೂ ಕೆಲಸ ಸಿಗದವನು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾನೆ. ಅವನ ಸಾಕ್ಷಿಯನ್ನು ನಾವು ಕೇಳುವುದೇ ಇಲ್ಲ.

ನಿನಗೆ ಇನ್ನೊಂದು ಪ್ರೆಸ್ಸಿನ ವಿಷಯ ಹೇಳಬೇಕು ಅನ್ನಿಸಿತು. ಅಚ್ಚುಮೊಳೆ, ಮಸಿ, ಕಾಗದ ಅಂದರೆ ಏನು ಅಂತ ನಿನಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ, ಅದಕ್ಕೇ.

ಕಲ್ಕತ್ತಾದ ಹತ್ತಿರ, ಹೂಗ್ಲಿ ನದಿಯ ದಡದಲ್ಲಿ ಸೆರಾಂಪುರ ಇದೆ. ಅಲ್ಲಿ ಇಂಗ್ಲೆಂಡಿನಿಂದ ಬಂದ ಮಿಷನರಿಗಳಾದ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಮೂವರೂ ಸೇರಿ ದೊಡ್ಡ ಮುದ್ರಣಾಲಯ ಕಟ್ಟಿದ್ದರು. ಸತ್ಯವೇದವನ್ನು, ಅಂದರೆ ಬೈಬಲನ್ನು, ಎಷ್ಟೋ ಭಾರತೀಯ ಭಾಷೆಗಳಿಗೆ ತರುವ ಕೆಲಸ ಅಲ್ಲಿ ನಡೆಯುತ್ತಿತ್ತು. 1812ರ ಮಾರ್ಚ್ 11ರ ಸಂಜೆ ಕಾಗದದ ದಾಸ್ತಾನಿನ ಕಡೆ ಬೆಂಕಿ ಕಾಣಿಸಿತು. ಹೇಗೆ ಹತ್ತಿತು ಅನ್ನುವುದು ಕೊನೆಗೂ ಪತ್ತೆಯಾಗಲಿಲ್ಲ. ಪಕ್ಕದಲ್ಲಿದ್ದ ಅಚ್ಚಿನ ಯಂತ್ರಗಳನ್ನು ಹೇಗೋ ಹೊರಗೆ ಎಳೆದರು. ಆದರೆ ಕಾಗದ ಉರಿಯಿತು, ಸೀಸದ ಅಚ್ಚುಮೊಳೆಗಳೆಲ್ಲ ಕರಗಿ ಹರಿದವು. ಹಸ್ತಪ್ರತಿಗಳೂ ಹೋದವು. ಸಂಸ್ಕೃತವನ್ನೂ ಅದರ ಸಂಬಂಧದ ಭಾಷೆಗಳನ್ನೂ ಒಟ್ಟಿಗೆ ಇಟ್ಟು ಕೇರಿ ಕಟ್ಟುತ್ತಿದ್ದ ನಿಘಂಟು, ತೆಲುಗು ವ್ಯಾಕರಣ, ಜೊತೆಗೆ ನಮ್ಮ ಕನ್ನಡದ ಹೊಸ ಒಡಂಬಡಿಕೆ. ಯಾವುದಕ್ಕೂ ಇನ್ನೊಂದು ಪ್ರತಿ ಇರಲಿಲ್ಲ. ಈಗಿನಂತೆ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುವ ಕಾಲವೇ ಅದು?

ಕೇರಿ ಆ ದಿನ ಕಲ್ಕತ್ತಾದಲ್ಲಿದ್ದರು, ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳುವುದಕ್ಕಾಗಿ. ಮಾರನೆಯ ದಿನ ಮಾರ್ಷ್‌ಮನ್ ಹೋಗಿ ಸುದ್ದಿ ಮುಟ್ಟಿಸಿದರು. ಕೇರಿ ಬಂದು, ಇನ್ನೂ ಹೊಗೆಯಾಡುತ್ತಿದ್ದ ಬೂದಿಯ ನಡುವೆ ಓಡಾಡಿ ಕಣ್ಣೀರು ಹಾಕಿದರು. ಒಂದೇ ಸಂಜೆಯಲ್ಲಿ ವರ್ಷಗಳ ದುಡಿಮೆ ಹೋಯಿತು ಅಂದರು. ಕರ್ತನು ನನ್ನನ್ನು ತಗ್ಗಿಸಿದ್ದಾನೆ, ಇನ್ನು ಮೇಲೆ ನಾನು ಆತನನ್ನೇ ನೋಡಲಿ ಎಂದು, ಅಂತಲೂ ಅಂದರು. ಈ ಎರಡು ಮಾತೂ ಬಂದದ್ದು ಒಂದೇ ಬಾಯಿಂದ, ನೋಡು. ಮೊದಲನೆಯದನ್ನು ನುಂಗಿಕೊಂಡು ಎರಡನೆಯದನ್ನು ಮಾತ್ರ ಹೇಳು ಅಂತ ಯಾರೂ ಅವರನ್ನು ಒತ್ತಾಯ ಮಾಡಲಿಲ್ಲ. ನಿನ್ನನ್ನೂ ಯಾರೂ ಹಾಗೆ ಒತ್ತಾಯ ಮಾಡಬಾರದು.

ಆಮೇಲೆ ವಾರ್ಡ್ ಅವಶೇಷಗಳನ್ನು ಕೆದಕಿಸಿದರು. ಅಚ್ಚುಮೊಳೆಯ ಎರಕದಚ್ಚು ಮಾಡಲು ಬಳಸುವ, ಅಕ್ಷರ ಕೊರೆದ ಉಕ್ಕಿನ ಪಂಚುಗಳು ಕೆಡದೆ ಸಿಕ್ಕವು. ಕರಗಿ ಗಟ್ಟಿಯಾಗಿ ಬಿದ್ದಿದ್ದ ಸೀಸವನ್ನೇ ಒಟ್ಟುಗೂಡಿಸಿ ಮತ್ತೆ ಅಚ್ಚುಮೊಳೆ ಎರಕ ಹೊಯ್ದರು. ಕೆಲವೇ ವಾರಗಳಲ್ಲಿ ಬೇರೆ ಕಟ್ಟಡದಲ್ಲಿ ಮುದ್ರಣ ಶುರುವಾಯಿತು. ಕೇರಿ ಅನುವಾದಕ್ಕೆ ಮೊದಲಿನಿಂದ ಕೂತರು. ಒಮ್ಮೆ ನಡೆದ ದಾರಿಯಲ್ಲಿ ಎರಡನೇ ಸಲ ನಡೆಯುವಾಗ ಹೆಜ್ಜೆ ಸಲೀಸು, ದಾರಿಯೂ ಖಚಿತ, ಅಂತ ಅವರು ಪತ್ರವೊಂದರಲ್ಲಿ ಬರೆದರು. 1820ರ ದಶಕದಲ್ಲಿ ಕನ್ನಡದ ಹೊಸ ಒಡಂಬಡಿಕೆ ಸೆರಾಂಪುರದಿಂದ ಹೊರಬಂತು.

ಇಲ್ಲಿಗೆ ನಿಲ್ಲಿಸಿದರೆ ಇದೂ ಒಂದು ಗೆದ್ದವರ ಸಾಕ್ಷಿ ಆಗಿಬಿಡುತ್ತದೆ. ಹಾಗಾಗುವುದು ಬೇಡ. ಆ ದೊಡ್ಡ ನಿಘಂಟು ಮತ್ತೆ ಹುಟ್ಟಲಿಲ್ಲ. ಇನ್ನು ಕೇರಿಯವರ ಮನೆಯ ವಿಷಯವೇ ಬೇರೆ. 1793ರಲ್ಲಿ ಬಂಗಾಳಕ್ಕೆ ಬಂದ ಮರುವರ್ಷವೇ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಹೆಂಡತಿ ಡೊರೊಥಿಯ ಮನಸ್ಸು ಆ ದುಃಖದಲ್ಲಿ ಕದಡಿ, 1807ರಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ. ಆಕೆಗೆ ಇಂಗ್ಲೆಂಡ್ ಬಿಟ್ಟು ಬರುವ ಮನಸ್ಸೇ ಇರಲಿಲ್ಲ. ಕೇರಿಯವರ ಆತ್ಮಿಕ ಬೆಳವಣಿಗೆಗಾಗಿ ದೇವರು ಡೊರೊಥಿಯನ್ನು ಹಾಗೆ ಮಾಡಿದ ಅಂತ ಯಾರಾದರೂ ಪ್ರಸಂಗದಲ್ಲಿ ಹೇಳಿದರೆ ನಾನು ಒಪ್ಪುವುದಿಲ್ಲ. ಒಬ್ಬರ ಪಾಠಕ್ಕಾಗಿ ಇನ್ನೊಬ್ಬರನ್ನು ಮುರಿಯುವವನಲ್ಲ ನಮ್ಮ ತಂದೆ. ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತನು. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತನು.

ಹಾಗಾದರೆ ಕಷ್ಟದಲ್ಲಿ ಬೆಳೆಯುವುದು ಅಂದರೆ ಏನು? ನನಗೆ ತೋಚುವುದು ಇಷ್ಟು. ನಷ್ಟವೇ ಬೆಳೆಸುವುದಿಲ್ಲ. ನಷ್ಟದಲ್ಲಿ ದೇವರ ಜೊತೆ ಮಾತು ಬಿಡದೆ ಇದ್ದರೆ, ಆ ಮಾತಿನಲ್ಲಿ ಬೆಳೆಯುತ್ತೇವೆ. ಜಗಳವಾದರೂ ಸರಿ. ಸತ್ಯವೇದದ ಹದಿಮೂರನೆಯ ಕೀರ್ತನೆ ತೆಗೆದು ನೋಡು, ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ದಾವೀದ ನೇರವಾಗಿ ಕೇಳುತ್ತಾನೆ. ಎಂಬತ್ತೆಂಟನೆಯದು ಇನ್ನೂ ಕಟು, ಕತ್ತಲೆಯಲ್ಲೇ ಮುಗಿಯುತ್ತದೆ. ಇಂಥ ಪ್ರಾರ್ಥನೆಗಳಿಗೂ ದೇವರು ತನ್ನ ವಾಕ್ಯದಲ್ಲಿ ಜಾಗ ಕೊಟ್ಟಿದ್ದಾನೆ. ನಿನ್ನ ಸಿಟ್ಟಿಗೆ ಜಾಗ ಇಲ್ಲದೆ ಹೋಗುತ್ತದೆಯೇ? ಅಪೊಸ್ತಲ ಪೌಲನೂ ತನ್ನ ಶರೀರದ ಮುಳ್ಳು ತೆಗೆ ಅಂತ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಪೌಲನ ನಂಬಿಕೆಯಲ್ಲಿ ಕೊರತೆ ಇತ್ತು ಅಂತ ಯಾರಾದರೂ ಹೇಳುತ್ತಾರಾ?

ಅಪ್ಪ ತೀರಿಕೊಂಡಾಗ ನಮ್ಮ ಮನೆಗೆ ತುಂಬ ಜನ ಬಂದು, ಎಲ್ಲಾ ದೇವರ ಚಿತ್ತ ಅಂತ ಹೇಳಿಹೋದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನೀನು ಮಾತ್ರ ಏನೂ ಹೇಳದೆ ಅಡುಗೆಮನೆಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದೆ. ಆಮೇಲೆ ರಾತ್ರಿ ಕೂತು, ಸಮಾಧಿಯ ಆರಾಧನೆಗೆ ಬೇಕಾದ ಹಾಳೆಗಳನ್ನು ಅಚ್ಚು ಹಾಕಿಕೊಂಡು ಬಂದೆ. ಅಂಚು ಒಂದಿಷ್ಟೂ ಓರೆಯಿಲ್ಲದೆ ಕತ್ತರಿಸಿದ್ದೆ. ನಾನು ಮತ್ತೆ ಪ್ರಾರ್ಥನೆಗೆ ಬಾಯಿ ತೆರೆದದ್ದು ಆ ಹಾಳೆ ಕೈಯಲ್ಲಿ ಹಿಡಿದುಕೊಂಡು. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಭಾನುವಾರ ಆರಾಧನೆಗೆ ಹೋಗಲು ಮನಸ್ಸಿಲ್ಲ, ಎಲ್ಲರೂ ಕೇಳುತ್ತಾರೆ ಅಂತ ಬರೆದಿದ್ದೀಯಲ್ಲ. ಈ ಶನಿವಾರ ರಾತ್ರಿಯ ಬಸ್ಸಿಗೆ ನಾನು ಬರುತ್ತೇನೆ. ಬೆಳಿಗ್ಗೆ ಒಟ್ಟಿಗೆ ಹೋಗೋಣ, ಹಿಂದಿನ ಬೆಂಚಿನಲ್ಲೇ ಕೂರೋಣ. ಹಾಡಲು ಆಗದಿದ್ದರೆ ಸುಮ್ನೆ ಕೂತಿರು, ನಿನ್ನ ಪಾಲಿನದನ್ನೂ ನಾನು ಹಾಡುತ್ತೇನೆ. ಮಧ್ಯಾಹ್ನ ಸಾಲದ ಕಾಗದಗಳನ್ನೆಲ್ಲ ಹರಡಿಕೊಂಡು ನೋಡೋಣ. ಬ್ಯಾಂಕಿಗೆ ಏನು ಬರೆದುಕೊಡಬೇಕು ಅನ್ನುವುದನ್ನು ಅಲ್ಲೇ ತೀರ್ಮಾನ ಮಾಡೋಣ. ಕಟಿಂಗ್ ಮಷೀನನ್ನು ಮಾತ್ರ ನಾನು ಬರುವವರೆಗೆ ಯಾರಿಗೂ ಕೊಡಬೇಡ.

ನಿನ್ನ ಗೆಳೆಯ